ತೆರಿಗೆಯ ಗಡುವನ್ನು ವಾಟ್ಸ್‌ಆ್ಯಪ್ ನಿರ್ಧರಿಸುವಂತಾಗಬಾರದು

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ತಿಂಗಳುಗಳು ಹತ್ತಿರವಾಗುತ್ತಿದ್ದಂತೆಯೇ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ರೀಲ್ಸ್‌ಗಳಲ್ಲೂ ತೆರಿಗೆ ಕುರಿತ ಸಂದೇಶಗಳ ಹರಿದಾಟ ಹೆಚ್ಚುತ್ತದೆ. ಗಡುವು ವಿಸ್ತರಣೆಯಾಗಿದೆ ಎಂದು ಒಂದು ಸಂದೇಶ ಹೇಳಿದರೆ, ಇಂಥವರು ರಿಟರ್ನ್ ಸಲ್ಲಿಸುವ ಅಗತ್ಯವೇ ಇಲ್ಲ ಎಂದು ಇನ್ನೊಂದು ಹೇಳುತ್ತದೆ. ಕಡಿತವಾದ ತೆರಿಗೆಯನ್ನೆಲ್ಲ ವಾಪಸ್ ಕೊಡಿಸುತ್ತೇವೆ ಎಂಬ ಜಾಹೀರಾತು ಅವುಗಳ ನಡುವೆ ನುಸುಳಿರುತ್ತದೆ. ಬ್ಯಾಂಕ್ ಸೇವೆಯಿಂದ ನಿವೃತ್ತನಾದ ಬಳಿಕ ನಮ್ಮ ಬಡಾವಣೆಯ ಪಿಂಚಣಿದಾರರಿಗೆ ಮತ್ತು ಸಣ್ಣ ಸಂಬಳದ ನೌಕರರಿಗೆ ರಿಟರ್ನ್ ತುಂಬಲು ನೆರವಾಗುತ್ತಿರುವ ನನಗೆ, ಕಾಯ್ದೆಯ ಕಲಮುಗಳನ್ನು ವಿವರಿಸುವುದಕ್ಕಿಂತ ಈ ಸಂದೇಶಗಳು ತಲೆಯಲ್ಲಿ ಕೂರಿಸಿದ ತಪ್ಪು ತಿಳಿವಳಿಕೆಯನ್ನು ತೆಗೆಯುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತಿದೆ. ಇದರ ಹೊಣೆ ಸಂದೇಶ ಕಳುಹಿಸುವವರದ್ದಷ್ಟೇ ಅಲ್ಲ. ಅಧಿಕೃತ ಮಾಹಿತಿ ತಡವಾಗಿ, ಅದೂ ಬಹುಪಾಲು ಜನರಿಗೆ ಅರ್ಥವಾಗದ ಭಾಷೆಯಲ್ಲಿ ಬರುವವರೆಗೆ ಆ ಜಾಗವನ್ನು ವದಂತಿಯೇ ತುಂಬುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾರಣಕ್ಕಾಗಿಯೇ ಈ ಪತ್ರ.

2025ರ ಸೆಪ್ಟೆಂಬರ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೆನಪಿಸಿಕೊಳ್ಳಬೇಕು. 2024–25ನೇ ಹಣಕಾಸು ವರ್ಷದ ಆದಾಯಕ್ಕೆ ಸಂಬಂಧಿಸಿದಂತೆ, ಲೆಕ್ಕ ಪರಿಶೋಧನೆಗೆ ಒಳಪಡದ ವ್ಯಕ್ತಿಗಳಿಗೆ ಜುಲೈ 31 ಕೊನೆಯ ದಿನವಾಗಿತ್ತು. ರಿಟರ್ನ್ ನಮೂನೆಗಳಲ್ಲಿ ಆದ ಬದಲಾವಣೆಗಳು ಮತ್ತು ಅವಕ್ಕೆ ತಕ್ಕಂತೆ ರಿಟರ್ನ್ ಸಲ್ಲಿಸುವ ಜಾಲತಾಣವಾದ ಪೋರ್ಟಲ್ ಸಿದ್ಧಪಡಿಸಲು ಬೇಕಾದ ಸಮಯವನ್ನು ಕಾರಣವಾಗಿ ನೀಡಿ ಕೇಂದ್ರೀಯ ನೇರ ತೆರಿಗೆ ಮಂಡಳಿಯು ಮೇ 27ರಂದೇ ಅದನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಅಷ್ಟು ಮುಂಚಿತವಾಗಿ ಪ್ರಕಟಿಸಿದ್ದು ಸರಿಯಾದ ಕ್ರಮ; ಜನರಿಗೆ ಯೋಜಿಸಿಕೊಳ್ಳಲು ಅವಕಾಶ ಸಿಕ್ಕಿತು. ಆದರೆ ಸೆಪ್ಟೆಂಬರ್ ಎರಡನೇ ವಾರದಲ್ಲಿ ಪೋರ್ಟಲ್ ನಿಧಾನವಾಗಿದೆ, ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್ ತೆರೆದುಕೊಳ್ಳುತ್ತಿಲ್ಲ ಎಂಬ ದೂರುಗಳು ಎಲ್ಲೆಡೆಯಿಂದ ಬರತೊಡಗಿದವು. ಅದೇ ಹೊತ್ತಿಗೆ ಗಡುವು ಸೆಪ್ಟೆಂಬರ್ 30ರವರೆಗೆ ವಿಸ್ತರಣೆಯಾಗಿದೆ ಎಂಬ ಸುದ್ದಿ ಜಾಲತಾಣಗಳಲ್ಲಿ ಹಬ್ಬಿತು. ಅದು ಸುಳ್ಳು, 15ನೇ ತಾರೀಖೇ ಕೊನೆ ಎಂದು ಆದಾಯ ತೆರಿಗೆ ಇಲಾಖೆ 14ರಂದು ತನ್ನ ಎಕ್ಸ್ ಖಾತೆಯಲ್ಲಿ ಸ್ಪಷ್ಟಪಡಿಸಿತು. ಮರುದಿನ, ಅಂದರೆ 15ರ ರಾತ್ರಿ, ಗಡುವು ಮುಗಿಯಲು ಅಲ್ಪ ಹೊತ್ತು ಉಳಿದಿರುವಾಗ, ಅದೇ ಗಡುವನ್ನು ಒಂದು ದಿನ ವಿಸ್ತರಿಸಿ 16ಕ್ಕೆ ಇಡಲಾಯಿತು. ಆ ಬದಲಾವಣೆಯನ್ನು ಅಳವಡಿಸಲು ಪೋರ್ಟಲ್ ಅನ್ನು ರಾತ್ರಿ 12ರಿಂದ 2.30ರವರೆಗೆ ನಿರ್ವಹಣೆಗಾಗಿ ಸ್ಥಗಿತಗೊಳಿಸುವುದಾಗಿಯೂ ತಿಳಿಸಲಾಯಿತು.

15ರ ವೇಳೆಗೆ 7.3 ಕೋಟಿಗೂ ಹೆಚ್ಚು ರಿಟರ್ನ್‌ಗಳು ಸಲ್ಲಿಕೆಯಾಗಿದ್ದವು. ಅಷ್ಟೊಂದು ಜನರ ಒತ್ತಡವನ್ನು ತಡೆದುಕೊಳ್ಳುವ ವ್ಯವಸ್ಥೆಯನ್ನು ನಡೆಸುವುದು ಸುಲಭವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಾಮಾನ್ಯ ತೆರಿಗೆದಾರನ ಕಣ್ಣಿನಿಂದ ಈ ಎರಡು ದಿನಗಳನ್ನು ನೋಡಬೇಕು. ಗಡುವು ವಿಸ್ತರಣೆ ಸುಳ್ಳು ಎಂದು ಅಧಿಕೃತ ಬಾಯಿಂದ ಕೇಳಿದ ಮರುದಿನವೇ ವಿಸ್ತರಣೆ ಬಂದರೆ, ಅದು ಒಂದೇ ದಿನದ್ದಾಗಿರಲಿ, ಮುಂದಿನ ವರ್ಷ ಅವನು ಯಾರ ಮಾತನ್ನು ನಂಬಬೇಕು? 2022, 2023 ಮತ್ತು 2024ರಲ್ಲಿ ಇಲಾಖೆ ಜುಲೈ 31ರ ಗಡುವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 2024ರಲ್ಲಿಯೂ ಆಗಸ್ಟ್ 31ರವರೆಗೆ ಅವಕಾಶವಿದೆ ಎಂಬ ವದಂತಿ ಹರಡಿತ್ತು. ಅದನ್ನು ನಂಬಿದವರು ದಂಡ ತೆತ್ತರು. 2021ರಲ್ಲಾದರೋ ಜೂನ್ 7ರಂದು ಆರಂಭವಾದ ಹೊಸ ಪೋರ್ಟಲ್‌ನ ತೊಂದರೆಗಳಿಂದಾಗಿ ಗಡುವು ಡಿಸೆಂಬರ್ 31ರವರೆಗೂ ಹೋಗಿತ್ತು. ಹೀಗೆ ಒಂದು ವರ್ಷ ತಿಂಗಳುಗಟ್ಟಲೆ ವಿಸ್ತರಣೆ, ಕೆಲವು ವರ್ಷ ಒಂದು ದಿನವೂ ಇಲ್ಲ, ಮತ್ತೊಂದು ವರ್ಷ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಒಂದು ದಿನ ಎಂದಾದಾಗ, 'ಹೇಗೂ ಮುಂದೆ ಹಾಕುತ್ತಾರೆ ಬಿಡಿ' ಎಂಬ ಮಾತಿಗೆ ಗುಂಪುಗಳಲ್ಲಿ ಬೆಲೆ ಬರುತ್ತದೆ. ತಡವಾದ ಪ್ರಕಟಣೆ ವದಂತಿಗೆ ಬಲ ಕೊಡುತ್ತದೆ. ವದಂತಿಯನ್ನು ನಂಬಿದವರು ಕೊನೆಯ ದಿನದವರೆಗೆ ಕಾಯುತ್ತಾರೆ. ಎಲ್ಲರೂ ಕೊನೆಯ ದಿನ ಮುಗಿಬಿದ್ದಾಗ ಪೋರ್ಟಲ್ ಕುಸಿಯುತ್ತದೆ. ಪೋರ್ಟಲ್ ಕುಸಿದಾಗ ಮತ್ತೆ ತಡವಾಗಿ ಪ್ರಕಟಣೆ ಹೊರಡುತ್ತದೆ.

ಗಡುವು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ಸಂದೇಶಗಳು ಎಂದೂ ಹೇಳುವುದಿಲ್ಲ. ಒಟ್ಟು ಆದಾಯ 5 ಲಕ್ಷ ರೂಪಾಯಿ ಮೀರಿದ್ದರೆ 5,000 ರೂಪಾಯಿ, ಅದಕ್ಕಿಂತ ಕಡಿಮೆಯಿದ್ದರೆ 1,000 ರೂಪಾಯಿ ವಿಳಂಬ ಶುಲ್ಕವಿದೆ ಎಂಬುದಷ್ಟೇ ಹಲವರಿಗೆ ಗೊತ್ತು. ಬಾಕಿ ತೆರಿಗೆಯ ಮೇಲೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ, ಷೇರು ವ್ಯವಹಾರದಲ್ಲಿ ಆದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕು ಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು, ಉಳಿತಾಯ, ಮನೆ ಸಾಲದ ಬಡ್ಡಿ ಮುಂತಾದವನ್ನು ಆದಾಯದಿಂದ ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿಯನ್ನು ನೆಚ್ಚಿಕೊಂಡ ಸಂಬಳದಾರರಿಗೆ. ಹೊಸ ಪದ್ಧತಿಯೇ ಈಗ ಸಹಜ ಆಯ್ಕೆಯಾಗಿರುವುದರಿಂದ, ಹಳೆಯದು ಬೇಕೆನ್ನುವವರು ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ನಲ್ಲೇ ಅದನ್ನು ಆರಿಸಿಕೊಳ್ಳಬೇಕು. ಒಂದು ಉದಾಹರಣೆ ಕೊಡುತ್ತೇನೆ. 2024–25ರಲ್ಲಿ 10 ಲಕ್ಷ ರೂಪಾಯಿ ಸಂಬಳ ಪಡೆದ ನೌಕರರೊಬ್ಬರು 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ಸಿಗುವ ನಿಗದಿತ ಕಡಿತ), ಭವಿಷ್ಯ ನಿಧಿ ಮತ್ತು ವಿಮೆಯ ಬಾಬ್ತು 1.5 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆಯ 25,000 ಕಳೆದರೆ ಹಳೆಯ ಪದ್ಧತಿಯಲ್ಲಿ ಸೆಸ್ ಸೇರಿ 28,600 ರೂಪಾಯಿ ಕಟ್ಟಬೇಕಾಗುತ್ತಿತ್ತು. ಗಡುವು ದಾಟಿ ಹೊಸ ಪದ್ಧತಿಗೆ ಬಿದ್ದರೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಬೇರೇನೂ ಕಳೆಯುವಂತಿಲ್ಲ. ತೆರಿಗೆ 44,200 ರೂಪಾಯಿ ಆಗುತ್ತದೆ. ವ್ಯತ್ಯಾಸ 15,600 ರೂಪಾಯಿ, ಅದರ ಮೇಲೆ ವಿಳಂಬ ಶುಲ್ಕ, ಅದರ ಮೇಲೆ ಬಡ್ಡಿ. ಮನೆ ಸಾಲದ ಕಂತು ಕಟ್ಟುತ್ತಿರುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಯಾರೋ ಮೂರು ಕೈ ಮುಗಿಯುವ ಚಿತ್ರಗಳೊಡನೆ ಕಳುಹಿಸಿದ ಎರಡು ಸಾಲಿನ ಫಾರ್ವರ್ಡ್ ಅನ್ನು ನಂಬಿದ್ದಕ್ಕೆ ತೆರಬೇಕಾದ ಬೆಲೆ ಇದು.

ಸಂಪೂರ್ಣ ಸುಳ್ಳಿಗಿಂತ ಅರ್ಧ ನಿಜವೇ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು 12 ಲಕ್ಷ ರೂಪಾಯಿಯ ವಿಷಯದಲ್ಲಿ ನನಗೆ ಮನದಟ್ಟಾಯಿತು. 2025ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇರುವುದಿಲ್ಲ ಎಂದು ಘೋಷಿಸಿದ್ದು ನಿಜ. ಅದು 2025ರ ಏಪ್ರಿಲ್ 1ರ ನಂತರ ಗಳಿಸುವ ಆದಾಯಕ್ಕೆ ಅನ್ವಯಿಸುವ ಮಾತು. ಆದರೆ ಅದೇ ವರ್ಷ ಜುಲೈ, ಆಗಸ್ಟ್‌ನಲ್ಲಿ ಜನರು ಸಲ್ಲಿಸುತ್ತಿದ್ದದ್ದು ಅದರ ಹಿಂದಿನ, ಅಂದರೆ 2024–25ರ ಆದಾಯದ ರಿಟರ್ನ್; ಅದಕ್ಕೆ ಅನ್ವಯಿಸುವ ಮಿತಿ 7 ಲಕ್ಷ ರೂಪಾಯಿ. ಗೊಂದಲಕ್ಕೆ ಒಂದು ನಿಜವಾದ ಕಾರಣವೂ ಇತ್ತು: 2024–25ರ ಆದಾಯದ ರಿಟರ್ನ್ ಮೇಲೆ ಅಸೆಸ್‌ಮೆಂಟ್ ವರ್ಷ, ಅಂದರೆ ಆ ಆದಾಯದ ತೆರಿಗೆ ಲೆಕ್ಕ ಹಾಕುವ ಮರುವರ್ಷ, 2025–26 ಎಂದು ಅಚ್ಚಾಗಿರುತ್ತದೆ. ರೀಲ್ಸ್‌ನಲ್ಲಿ '2025–26ಕ್ಕೆ 12 ಲಕ್ಷದವರೆಗೆ ತೆರಿಗೆ ಇಲ್ಲ' ಎಂದು ಕೇಳಿದವರು ನಮೂನೆಯ ಮೇಲೂ 2025–26 ಎಂಬುದನ್ನೇ ಕಂಡು, ಎರಡೂ ಒಂದೇ ಎಂದು ತಿಳಿದುಕೊಂಡರು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 9 ಲಕ್ಷ ರೂಪಾಯಿ ಉಳಿದ ವ್ಯಕ್ತಿಗೆ ಆ ವರ್ಷ ಹೊಸ ಪದ್ಧತಿಯಲ್ಲಿ 41,600 ರೂಪಾಯಿ ತೆರಿಗೆ ಬರುತ್ತಿತ್ತು. ಶೂನ್ಯ ಎಂದು ನಂಬಿ ಕುಳಿತವರಿಗೆ ಪೋರ್ಟಲ್ ತೋರಿಸಿದ ಆ ಮೊತ್ತ ಆಘಾತ ತಂದಿತು. ನಮ್ಮ ಬಡಾವಣೆಯ ಒಬ್ಬ ಹುಡುಗ ಪೋರ್ಟಲ್‌ನ ಲೆಕ್ಕವೇ ತಪ್ಪು ಎಂದು ವಾದಿಸಿ, ತನ್ನ ಮೊಬೈಲ್‌ನಲ್ಲಿದ್ದ ವಿಡಿಯೊವನ್ನು ಪುರಾವೆಯಾಗಿ ತೋರಿಸಿದ. 2025ರ ಆದಾಯ ತೆರಿಗೆ ಕಾಯ್ದೆಯು ಈ ಎರಡು ವರ್ಷಗಳ ಲೆಕ್ಕವನ್ನು ಬಿಟ್ಟು 'ತೆರಿಗೆ ವರ್ಷ' ಎಂಬ ಒಂದೇ ಕಲ್ಪನೆಯನ್ನು ತಂದಿರುವುದು ಸ್ವಾಗತಾರ್ಹ. ಹೊಸದು ನೆಲೆಗೊಳ್ಳುವವರೆಗೆ ಎರಡೂ ಬಗೆಯ ವರ್ಷಗಳು ಜನರ ಬಾಯಲ್ಲಿ ಇರುವುದರಿಂದ ಮುಂದಿನ ಒಂದೆರಡು ವರ್ಷ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಅದೇ 12 ಲಕ್ಷದ ಸಂದೇಶದ ಇನ್ನೊಂದು ಮಗ್ಗುಲೆಂದರೆ, ತೆರಿಗೆ ಇಲ್ಲದಿದ್ದರೆ ರಿಟರ್ನ್ ಕೂಡ ಬೇಡ ಎಂಬ ನಂಬಿಕೆ. 12 ಲಕ್ಷದವರೆಗೆ ತೆರಿಗೆ ಶೂನ್ಯವಾಗುವುದು ಲೆಕ್ಕ ಹಾಕಿದ ತೆರಿಗೆಯನ್ನು ಬಿಟ್ಟುಕೊಡುವ ರಿಬೇಟ್ ಮೂಲಕವೇ ಹೊರತು ಆ ಆದಾಯ ವಿನಾಯಿತಿ ಪಡೆದದ್ದರಿಂದಲ್ಲ. ಹೊಸ ಪದ್ಧತಿಯ ಮೂಲ ವಿನಾಯಿತಿ ಮಿತಿ 4 ಲಕ್ಷ ರೂಪಾಯಿ. ಆದಾಯ ಅದನ್ನು ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. ಆದಾಯ ಅದಕ್ಕಿಂತ ಕಡಿಮೆಯಿದ್ದರೂ ವರ್ಷದ ವಿದ್ಯುತ್ ಬಿಲ್ 1 ಲಕ್ಷ ಮೀರಿದ್ದರೆ ಅಥವಾ ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಿದ್ದರೆ ಸಲ್ಲಿಕೆ ಕಡ್ಡಾಯ. ಷೇರು ಮಾರಿ ಬಂದ ಅಲ್ಪಾವಧಿ ಲಾಭದಂತಹ, ವಿಶೇಷ ದರದಲ್ಲಿ ತೆರಿಗೆ ಬೀಳುವ ಆದಾಯಕ್ಕೆ ಈ ರಿಬೇಟ್ ಸಿಗುವುದಿಲ್ಲ. ಇಷ್ಟನ್ನೆಲ್ಲ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಹೇಳಲಾಗದು ಎಂಬುದು ಸರಿಯೇ. ಹೇಳಲಾಗದ್ದನ್ನು ಹೇಳಿಬಿಟ್ಟೆವೆಂಬ ಭಾವನೆ ಹುಟ್ಟಿಸುವುದು ತಪ್ಪು.

ಹಿರಿಯ ನಾಗರಿಕರ ಪಾಡು ಇನ್ನೂ ಕಷ್ಟದ್ದು. 75 ವರ್ಷ ದಾಟಿದವರು ಇನ್ನು ಮುಂದೆ ತೆರಿಗೆಯನ್ನೇ ಕಟ್ಟಬೇಕಿಲ್ಲ ಎಂಬ ಸಂದೇಶ ಹಲವು ಬಾರಿ ಸುತ್ತಿ ಬಂದಿದೆ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ ಸತ್ಯಶೋಧನಾ ವಿಭಾಗ ಅದು ಸುಳ್ಳೆಂದು ಹೇಳಿದ ಮೇಲೂ ನಿಂತಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಆ ಸಂದೇಶವನ್ನು ನನಗೆ ತೋರಿಸಿ, 'ನೋಡಿ ಸ್ವಾಮಿ, ಇನ್ನು ನಿಮಗೂ ತೊಂದರೆ ಕೊಡುವುದಿಲ್ಲ, ನನಗೂ ಓಡಾಟ ತಪ್ಪಿತು' ಎಂದು ಸಮಾಧಾನದ ಉಸಿರು ಬಿಟ್ಟರು. ನಿಜವಾದ ಕಾನೂನು ಹೇಳುವುದೇ ಬೇರೆ. 75 ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರಿಗೆ ಪಿಂಚಣಿ ಮತ್ತು ಅದೇ ಬ್ಯಾಂಕಿನ ಠೇವಣಿ ಬಡ್ಡಿ ಬಿಟ್ಟು ಬೇರೆ ಆದಾಯವಿಲ್ಲದಿದ್ದರೆ, ನಿಗದಿತ ಬ್ಯಾಂಕಿಗೆ ಘೋಷಣಾ ಪತ್ರ ಕೊಟ್ಟರೆ ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಮುರಿದುಕೊಳ್ಳುತ್ತದೆ, ಅವರು ರಿಟರ್ನ್ ಸಲ್ಲಿಸಬೇಕಿಲ್ಲ. ತೆರಿಗೆ ಮಾತ್ರ ಇದ್ದೇ ಇರುತ್ತದೆ. ಮೇಷ್ಟ್ರ ಪಿಂಚಣಿ ಒಂದು ಬ್ಯಾಂಕಿನಲ್ಲಿ, ಠೇವಣಿ ಇನ್ನೊಂದರಲ್ಲಿ, ಮಗಳ ಮದುವೆಯ ನಂತರ ಉಳಿದ ಹಣ ಪತ್ತಿನ ಸಹಕಾರ ಸಂಘದಲ್ಲಿ. ಅವರಿಗೆ ಈ ಸೌಲಭ್ಯ ಯಾವ ರೀತಿಯಲ್ಲೂ ಅನ್ವಯಿಸುವುದಿಲ್ಲ. ಅದನ್ನು ವಿವರಿಸಿದಾಗ ಅವರ ಮುಖದಲ್ಲಿ ಕಂಡ ದಣಿವು ನನ್ನನ್ನು ಬಹಳ ನೋಯಿಸಿತು. ಇಳಿವಯಸ್ಸಿನವರಿಗೆ ಇಂಥ ಸಂದೇಶ ಕಳುಹಿಸುವ ಮಕ್ಕಳು, ಮೊಮ್ಮಕ್ಕಳು ಪ್ರೀತಿಯಿಂದಲೇ ಕಳುಹಿಸುತ್ತಾರೆ. ಕಳುಹಿಸುವ ಮುನ್ನ ಇಲಾಖೆಯ ಜಾಲತಾಣದಲ್ಲಿ ಒಮ್ಮೆ ನೋಡುವ ಶ್ರಮವನ್ನೂ ಅದೇ ಪ್ರೀತಿಯಿಂದ ವಹಿಸಬೇಕು.

ಇನ್ನು ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸ್ ಬರುವ ರಿಫಂಡ್ ವಿಷಯ. ರಿಟರ್ನ್ ಸಲ್ಲಿಸಿದ ಕೂಡಲೇ ಅದರ ಸ್ಕ್ರೀನ್‌ಶಾಟ್ ಅನ್ನು ಸ್ಟೇಟಸ್‌ಗೆ ಹಾಕುವುದು, ರಿಫಂಡ್ ಬಂದ ದಿನ ಗುಂಪಿನಲ್ಲಿ ಪ್ರಕಟಿಸುವುದು ಈಗ ರೂಢಿಯಾಗಿದೆ. ಒಬ್ಬರಿಗೆ ಮೂರು ದಿನದಲ್ಲಿ ಹಣ ಬಂದಿತೆಂದು ಓದಿದ ಮತ್ತೊಬ್ಬರು ತಮ್ಮದೇಕೆ ಬಂದಿಲ್ಲ ಎಂದು ಕಳವಳಗೊಳ್ಳುತ್ತಾರೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಬಳಿಕವೂ ಒಂಬತ್ತು ತಿಂಗಳವರೆಗೆ ಅದನ್ನು ಪರಿಶೀಲಿಸಿ ಸೂಚನಾ ಪತ್ರ ಕಳುಹಿಸಲು ಕಾನೂನು ಇಲಾಖೆಗೆ ಅವಕಾಶ ನೀಡಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಸ್ಟೇಟಸ್ ಹಾಕುವ ಅವಸರದಲ್ಲಿ 30 ದಿನದೊಳಗೆ ಇ–ವೆರಿಫೈ ಮಾಡುವುದನ್ನೇ, ಅಂದರೆ ರಿಟರ್ನ್ ತಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢೀಕರಿಸುವುದನ್ನೇ, ಮರೆತವರೂ ಇದ್ದಾರೆ. ಇ–ವೆರಿಫೈ ಆಗದ ರಿಟರ್ನ್ ಸಲ್ಲಿಕೆಯಾಗಿದ್ದೇ ಲೆಕ್ಕಕ್ಕಿಲ್ಲ. ಕಳವಳದಲ್ಲಿರುವ ಇಂಥವರ ಮೊಬೈಲ್‌ಗೇ 'ನಿಮ್ಮ ರಿಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ಸರಿಪಡಿಸಲು ಈ ಕೊಂಡಿ ಒತ್ತಿ' ಎಂಬ ಸಂದೇಶ ಬಂದಾಗ ಬೆರಳು ತಾನಾಗಿ ಅತ್ತ ಹೋಗುತ್ತದೆ. ರಿಫಂಡ್ ಜಮೆಯಾಗುವುದು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ ಮಾತ್ರ. ಇಲಾಖೆ ಕರೆ, ಇ–ಮೇಲ್ ಅಥವಾ ಸಂದೇಶದ ಮೂಲಕ ಯಾರಿಂದಲೂ ಪಿನ್, ಒಟಿಪಿ, ಕಾರ್ಡ್ ವಿವರ ಕೇಳುವುದಿಲ್ಲ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ಪ್ರತಿ ಮನೆಯ ಕ್ಯಾಲೆಂಡರ್ ಮೇಲೆ ಬರೆದಿರಬೇಕು.

ದಾಖಲೆಗಳನ್ನು ಹಂಚಿಕೊಳ್ಳುವ ಅಭ್ಯಾಸದ ಬಗ್ಗೆಯೂ ಹೇಳಲೇಬೇಕು. ನಮ್ಮ ಬಡಾವಣೆಯ ಗುಂಪೊಂದರಲ್ಲಿ ಒಬ್ಬರು ತಮ್ಮ ಎಐಎಸ್ ಕಡತವನ್ನೇ ಹಾಕಿ, 'ಇದರಲ್ಲಿ ತೋರಿಸಿರುವ ಬಡ್ಡಿ ಸರಿಯೇ, ಯಾರಾದರೂ ತಿಳಿದವರು ನೋಡಿ ಹೇಳಿ' ಎಂದು ಕೇಳಿದರು. ಆ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯ ಅವರದ್ದು. ಎಐಎಸ್‌ನ ಪಾಸ್‌ವರ್ಡ್ ಪ್ಯಾನ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಸೇರಿ ಆಗುವಂಥದ್ದು. ಅವರ ಪ್ಯಾನ್ ಕಾರ್ಡಿನ ಚಿತ್ರ ಅದೇ ಗುಂಪಿನಲ್ಲಿ ಹಿಂದೊಮ್ಮೆ ನಿವೇಶನದ ಕಾಗದಪತ್ರಗಳ ಜೊತೆ ಬಂದಿತ್ತು; ಪ್ಯಾನ್ ಕಾರ್ಡಿನ ಮೇಲೆ ಹುಟ್ಟಿದ ದಿನಾಂಕವೂ ಇರುತ್ತದೆ. ಉಳಿತಾಯ ಖಾತೆಯ ಬಡ್ಡಿ, ಠೇವಣಿ, ಲಾಭಾಂಶ, ಷೇರು ವಹಿವಾಟು, ಆಸ್ತಿ ಖರೀದಿಯವರೆಗೆ ಒಬ್ಬ ವ್ಯಕ್ತಿಯ ಹಣಕಾಸಿನ ಬದುಕೆಲ್ಲ ಆ ಒಂದು ಕಡತದಲ್ಲಿರುತ್ತದೆ. ಗುಂಪಿನಲ್ಲಿರುವ ನೂರಾರು ಜನರಲ್ಲಿ ಎಲ್ಲರೂ ನಮಗೆ ಪರಿಚಿತರೇ? ಎಐಎಸ್‌ನಲ್ಲಿ ತಪ್ಪು ಕಂಡರೆ ಪೋರ್ಟಲ್‌ನಲ್ಲೇ ಆ ನಮೂದಿನ ಎದುರು ಆಕ್ಷೇಪ ದಾಖಲಿಸುವ ಸೌಲಭ್ಯವಿದೆ, ಸಂದೇಹವಿದ್ದರೆ ಆಡಿಟರ್ ಬಳಿ ಹೋಗಬಹುದು. ಗುಂಪಿನ ನಿರ್ವಾಹಕರು ಇಂಥ ಕಡತ ಕಂಡ ತಕ್ಷಣ ಅಳಿಸಿಹಾಕುವುದನ್ನು ತಮ್ಮ ಕರ್ತವ್ಯವೆಂದು ಭಾವಿಸಬೇಕು.

ಸುಳ್ಳು ಕಡಿತಗಳನ್ನು ತೋರಿಸಿ ರಿಫಂಡ್ ಕೊಡಿಸುವ ದಂಧೆ ಇವೆಲ್ಲಕ್ಕಿಂತ ಗಂಭೀರವಾದದ್ದು. ಬಂದ ಹಣದಲ್ಲಿ ಇಷ್ಟು ಪಾಲು ಕಮಿಷನ್ ಕೊಟ್ಟರೆ ಸಾಕೆಂದು ಜಾಲತಾಣಗಳಲ್ಲಿ ಗಿರಾಕಿಗಳನ್ನು ಹುಡುಕುವವರು ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ, ಇಲ್ಲದ ಮನೆ ಬಾಡಿಗೆ, ಇಲ್ಲದ ಶಿಕ್ಷಣ ಸಾಲವನ್ನು ರಿಟರ್ನ್‌ನಲ್ಲಿ ತೋರಿಸುತ್ತಾರೆ. 2025ರ ಜುಲೈ 14ರಂದು ಇಲಾಖೆ ಇಂಥ ಮಧ್ಯವರ್ತಿಗಳ ವಿರುದ್ಧ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ಪರಿಷ್ಕೃತ ವಿವರ ಸಲ್ಲಿಸಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ತಾವಾಗಿ ಹಿಂಪಡೆದಿದ್ದರೆಂದೂ ತಿಳಿಸಿತು. ಇಲ್ಲಿ ಜನ ಅರಿಯಬೇಕಾದ ಸಂಗತಿಯೆಂದರೆ, ರಿಟರ್ನ್ ಯಾರೇ ತುಂಬಿರಲಿ, ಒಟಿಪಿ ಕೊಟ್ಟು ಅದನ್ನು ದೃಢೀಕರಿಸಿದವನೇ ಕಾನೂನಿನ ಕಣ್ಣಿನಲ್ಲಿ ಹೊಣೆಗಾರ. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ಕಮಿಷನ್ ಪಡೆದ ವ್ಯಕ್ತಿಯ ಮೊಬೈಲ್ ಆ ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ. ಷೇರು ಮಾರುಕಟ್ಟೆಯ ವಿಷಯದಲ್ಲಿ ನೋಂದಣಿಯಿಲ್ಲದೆ ಹೂಡಿಕೆ ಸಲಹೆ ನೀಡುವ ಜಾಲತಾಣ ಪ್ರಭಾವಿಗಳೊಂದಿಗೆ ಮಾರುಕಟ್ಟೆ ಸಂಸ್ಥೆಗಳು ವ್ಯವಹರಿಸದಂತೆ ಮಾರುಕಟ್ಟೆ ನಿಯಂತ್ರಕ ಸೆಬಿ 2024ರಿಂದ ನಿರ್ಬಂಧ ಹೇರಿದೆ. ತೆರಿಗೆ ಸಲಹೆಯ ವಿಷಯದಲ್ಲೂ ಅಂಥ ಕಟ್ಟುನಿಟ್ಟು ಬರಬೇಕು. ಪ್ರಭಾವಿಗಳ ಆದಾಯವನ್ನು ಗುರುತಿಸಲು 2025ರ ರಿಟರ್ನ್ ನಮೂನೆಗಳಲ್ಲಿ 16021 ಎಂಬ ಪ್ರತ್ಯೇಕ ವೃತ್ತಿ ಸಂಕೇತವನ್ನೇ ಕೊಟ್ಟಿರುವ ಸರ್ಕಾರಕ್ಕೆ, ಅದೇ ವೃತ್ತಿಯವರು ಕೊಡುವ ತಪ್ಪು ತೆರಿಗೆ ಸಲಹೆಗೆ ಹೊಣೆ ನಿಗದಿಪಡಿಸುವುದು ಅಸಾಧ್ಯವಾಗಲಾರದು.

ಭಯ ಹುಟ್ಟಿಸುವ ಸಂದೇಶಗಳ ಬಗೆಯೇ ಬೇರೆ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಅಧಿಕಾರಿಗಳು ಎಲ್ಲರ ವಾಟ್ಸ್‌ಆ್ಯಪ್, ಇ–ಮೇಲ್, ಫೇಸ್‌ಬುಕ್ ಓದಲಿದ್ದಾರೆ ಎಂಬ ಸುದ್ದಿಯನ್ನು ನಿಮ್ಮ ಓದುಗರೂ ಪಡೆದಿರಬಹುದು. ಹೊಸ ಕಾಯ್ದೆಯ 247ನೇ ಕಲಮು ಶೋಧ ಕಾರ್ಯಾಚರಣೆಯ ವೇಳೆ ಇ–ಮೇಲ್, ಜಾಲತಾಣ ಖಾತೆ, ಕ್ಲೌಡ್ ಸಂಗ್ರಹಗಳಂಥ ಡಿಜಿಟಲ್ ತಾಣಗಳನ್ನು ಪ್ರವೇಶಿಸುವ ಅಧಿಕಾರ ನೀಡುತ್ತದೆ ಎಂಬುದು ದಿಟ. ಹಳೆಯ ಕಾಯ್ದೆಯಲ್ಲಿ ಬೀರು, ಲಾಕರ್ ತೆರೆಸುವ ಅಧಿಕಾರವಿದ್ದ ಸಂದರ್ಭಗಳಿಗೇ ಇದೂ ಸಂಬಂಧಿಸಿದ್ದು. ಸಾಮಾನ್ಯವಾಗಿ ರಿಟರ್ನ್ ಸಲ್ಲಿಸುವ ಸಂಬಳದಾರನ ಫೋನಿಗೆ ಇದು ಅನ್ವಯಿಸುವುದಿಲ್ಲವೆಂದು ಸರ್ಕಾರವೂ ಸ್ಪಷ್ಟಪಡಿಸಿದೆ. ಆ ಅಧಿಕಾರದ ವ್ಯಾಪ್ತಿ, ಖಾಸಗಿತನದ ಮೇಲೆ ಅದರ ಪರಿಣಾಮ ಕುರಿತು ನಾಗರಿಕರು ಪ್ರಶ್ನೆ ಎತ್ತಬೇಕು, ಸಂಸತ್ತಿನಲ್ಲೂ ಹೊರಗೂ ಚರ್ಚೆ ನಡೆಯಬೇಕು. ಕಲಮಿನಲ್ಲಿ ಏನಿದೆ ಎಂದು ಓದದೆ ಹಬ್ಬಿಸಿದ ಭಯದಿಂದ ಆ ಚರ್ಚೆಗೇ ಹಾನಿ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ನೋಟಿಸ್ ಬಂದಾಗಲೂ ಹೀಗೆಯೇ ಆಯಿತು. ನೋಟಿಸ್ ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ವಿಷಯ ಜಿಎಸ್‌ಟಿ. ಆದರೆ ಜಾಲತಾಣಗಳಲ್ಲಿ ಅದು ಆದಾಯ ತೆರಿಗೆಯೂ ಆಗಿ, ಮಗನಿಗೆ ಫೋನ್‌ಪೇಯಲ್ಲಿ ಹಣ ಕಳುಹಿಸಿದರೂ ನೋಟಿಸ್ ಬರುತ್ತದೆಂಬ ಮಾತೂ ಆಗಿ, ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು.

ನೋಟಿಸ್ ನಿಜವೋ ನಕಲಿಯೋ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಪೋರ್ಟಲ್‌ನ ಮುಖಪುಟದಲ್ಲೇ, ಲಾಗಿನ್ ಆಗದೆಯೂ, ಆ ಸಂಖ್ಯೆಯನ್ನು ಹಾಕಿ ಪತ್ರದ ಅಸಲಿತನವನ್ನು ಪರೀಕ್ಷಿಸಬಹುದು. 1800 103 0025 ಎಂಬ ಉಚಿತ ಸಹಾಯವಾಣಿಯೂ ಇದೆ. ಇವು ಇರುವುದೇ ಬಹಳ ಜನರಿಗೆ ಗೊತ್ತಿಲ್ಲವೆಂದರೆ, ಗೊತ್ತುಮಾಡಿಸಬೇಕಾದವರ ಕೆಲಸ ಬಾಕಿಯಿದೆ ಎಂದೇ ಅರ್ಥ. ದೇಶದ ರಿಟರ್ನ್‌ಗಳ ಸಂಸ್ಕರಣಾ ಕೇಂದ್ರವಾದ ಸಿಪಿಸಿ ಇರುವುದು ಬೆಂಗಳೂರಿನಲ್ಲಿ. ಆ ನಗರದ ಭಾಷೆಯಲ್ಲಿ ಗಡುವು, ಬದಲಾದ ನಿಯಮ, ಸುಳ್ಳು ಸುದ್ದಿಯ ನಿರಾಕರಣೆ ಇವುಗಳನ್ನು ಅದೇ ದಿನ ಪ್ರಕಟಿಸಿ ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಇಂಗ್ಲಿಷ್‌ನಲ್ಲಿ ಬರೆದ ಎಕ್ಸ್ ಪೋಸ್ಟ್ ಹಾವೇರಿಯ ಶಿಕ್ಷಕಿಗೂ ಸಿಂಧನೂರಿನ ಅಕ್ಕಿ ವ್ಯಾಪಾರಿಗೂ ತಲುಪುವ ಹೊತ್ತಿಗೆ, ಕನ್ನಡದಲ್ಲಿ ಬರೆದ ಸುಳ್ಳು ಸಂದೇಶ ಅವರ ಫೋನಿಗೆ ನಾಲ್ಕು ಕಡೆಯಿಂದ ಬಂದಿರುತ್ತದೆ.

ಆದಾಯ ತೆರಿಗೆ ಇಲಾಖೆಗೆ ನನ್ನ ಮನವಿ ಇಷ್ಟು: ರಿಟರ್ನ್ ನಮೂನೆಗಳನ್ನೂ ಅವನ್ನು ತುಂಬುವ ತಂತ್ರಾಂಶವನ್ನೂ ಹಣಕಾಸು ವರ್ಷದ ಆರಂಭದಲ್ಲೇ ಒದಗಿಸಬೇಕು; ಗಡುವು ವಿಸ್ತರಿಸುವುದಿದ್ದರೆ ಕನಿಷ್ಠ ಒಂದು ವಾರ ಮುಂಚಿತವಾಗಿ ಹೇಳಬೇಕು, ವಿಸ್ತರಿಸುವುದಿಲ್ಲವಾದರೆ ಅದನ್ನೂ ಅಷ್ಟೇ ಮುಂಚಿತವಾಗಿ, ಪೋರ್ಟಲ್‌ನ ಮುಖಪುಟದಲ್ಲಿ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕು. ಬಡಾವಣೆ, ಕಚೇರಿ, ನಿವೃತ್ತರ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳ ನಿರ್ವಾಹಕರು ತೆರಿಗೆ ಕುರಿತ ಸಂದೇಶ ಬಂದಾಗ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ ಕೇಳಬೇಕು, ಅವಿಲ್ಲದ ಸಂದೇಶವನ್ನು ಉಳಿಸಿಕೊಳ್ಳಬಾರದು. ನಮ್ಮ ಬಡಾವಣೆಯ ಗುಂಪಿನಲ್ಲಿ ಈ ನಿಯಮವನ್ನು ಜಾರಿಗೆ ತಂದ ಮೇಲೆ ಇಂಥ ಫಾರ್ವರ್ಡ್‌ಗಳು ಗಮನಾರ್ಹವಾಗಿ ಕಡಿಮೆಯಾಗಿವೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ಜೂನ್ ಮೊದಲ ವಾರದಿಂದ ಗಡುವು ಮುಗಿಯುವವರೆಗೆ, ಪ್ರತಿ ವಾರ ಒಂದು ನಿಗದಿತ ಜಾಗದಲ್ಲಿ, ಯಾವ ವರ್ಷದ ಆದಾಯಕ್ಕೆ ಯಾವ ನಮೂನೆ, ಯಾವ ಮಿತಿ, ಎಂದು ಕೊನೆಯ ದಿನ, ಆ ವಾರ ಹಬ್ಬಿದ ಸುಳ್ಳು ಸುದ್ದಿ ಯಾವುದು ಎಂಬುದನ್ನು ಲೆಕ್ಕ ಪರಿಶೋಧಕರೊಬ್ಬರಿಂದ ಬರೆಸಿ ಪ್ರಕಟಿಸುವಂತೆ ವಿನಂತಿಸುತ್ತೇನೆ. ಮೊಬೈಲ್ ಬಳಸಲು ಹಿಂಜರಿಯುವ ಹಿರಿಯರು ಅದನ್ನು ಕತ್ತರಿಸಿ ಇಟ್ಟುಕೊಂಡು ಆಡಿಟರ್ ಬಳಿಗೋ ಬ್ಯಾಂಕಿಗೋ ಹೋಗುವಾಗ ಜೊತೆಗೆ ಒಯ್ಯಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ,
ದಾವಣಗೆರೆ